ಸಂಬಳದ ಕೆಲಸ ಬಿಟ್ಟು ಪೂರ್ಣಾವಧಿ ಸ್ವತಂತ್ರ ಬರಹಗಾರರಾಗುವುದು: ಎಷ್ಟು ಸಿದ್ಧತೆ ಇದ್ದರೆ ಸಾಕು?

ಸಂಜೆಬರಹ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ನಾನು ಒಂದು ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ಕಳೆದ ನಾಲ್ಕು ವರ್ಷಗಳಿಂದ ರಾತ್ರಿಯ ಹೊತ್ತು ಮತ್ತು ರಜಾದಿನಗಳಲ್ಲಿ ಹೊರಗಿನವರಿಗೆ ಬರೆದುಕೊಡುತ್ತಿದ್ದೇನೆ. ಆರೋಗ್ಯ ಕ್ಷೇತ್ರದ ಒಂದು ಕಂಪನಿಗೆ ಜನಸಾಮಾನ್ಯರಿಗೆ ಅರ್ಥವಾಗುವಂಥ ಲೇಖನಗಳನ್ನೂ ಸುದ್ದಿಪತ್ರವನ್ನೂ ಸಿದ್ಧಪಡಿಸುತ್ತೇನೆ, ಒಂದು ನಿಯತಕಾಲಿಕೆಗೆ ಎರಡು ತಿಂಗಳಿಗೊಮ್ಮೆ ವಿಜ್ಞಾನ ಲೇಖನ ಬರೆಯುತ್ತೇನೆ, ಮಕ್ಕಳ ಪಠ್ಯಪೂರಕ ಪುಸ್ತಕಗಳನ್ನು ಹೊರತರುವ ಪ್ರಕಾಶಕರೊಬ್ಬರಿಗೆ ಪಾಠಗಳನ್ನು ತಿದ್ದಿ ಬರೆದುಕೊಡುತ್ತೇನೆ. ಕಳೆದ ವರ್ಷ ಈ ಮೂರರಿಂದ ಬಂದ ಹಣ ನನ್ನ ವಾರ್ಷಿಕ ಸಂಬಳದ ಶೇಕಡ 48ರಷ್ಟಿತ್ತು. ಅದರಲ್ಲಿ ಶೇಕಡ 60 ಭಾಗ ಮೊದಲು ಹೇಳಿದ ಕಂಪನಿಯೊಂದರಿಂದಲೇ ಬಂದದ್ದು. ಏಳು ತಿಂಗಳ ಮನೆಖರ್ಚಿಗೆ ಆಗುವಷ್ಟು ಉಳಿತಾಯವಿದೆ, ಸಾಲವಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ವಾರಕ್ಕೆ ಹದಿನೈದು ಗಂಟೆ ಕೊಟ್ಟು ಸಂಬಳದ ಹತ್ತಿರ ಹತ್ತಿರ ಅರ್ಧದಷ್ಟು ಗಳಿಸುತ್ತಿದ್ದೇನೆ ಎಂದಾದರೆ, ನಲವತ್ತು ಗಂಟೆ ಕೊಟ್ಟಾಗ ಸಂಬಳವನ್ನು ದಾಟಿಯೇ ಹೋಗಬೇಕು. ಆದರೂ ರಾಜೀನಾಮೆ ಪತ್ರ ಬರೆದಿಟ್ಟು ಮೂರು ವಾರವಾಯಿತು, ಕಳುಹಿಸಲು ಕೈ ಬರುತ್ತಿಲ್ಲ. ಬರವಣಿಗೆಯೇ ನನ್ನ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ; ಆದರೆ ದಿನದ ಶಕ್ತಿಯೆಲ್ಲ ಬೇರೆಡೆ ಖರ್ಚಾದ ಮೇಲೆ ಉಳಿದದ್ದನ್ನು ಮಾತ್ರ ಅದಕ್ಕೆ ಕೊಡುತ್ತಿದ್ದೇನೆ ಎಂಬ ಸಂಕಟ ದಿನೇ ದಿನೇ ಹೆಚ್ಚುತ್ತಿದೆ. ಈ ದಾರಿಯಲ್ಲಿ ನಡೆದವರು ನನ್ನ ಲೆಕ್ಕದಲ್ಲಿ ಏನು ತಪ್ಪಿದೆ ಎಂಬುದನ್ನು ತೋರಿಸಿಕೊಟ್ಟರೆ ಉಪಕಾರವಾಗುತ್ತದೆ. ಧೈರ್ಯ ತುಂಬುವ ಮಾತುಗಳಿಗಿಂತ ತಪ್ಪು ತೋರಿಸುವ ಮಾತುಗಳೇ ಈಗ ನನಗೆ ಬೇಕಾಗಿವೆ.

ಹಳೆಯ ಲೇಖನಿ

ಸಂಜೆಬರಹ ಅವರೇ, ನಾನು ಹದಿನಾಲ್ಕು ವರ್ಷಗಳಿಂದ ಬರೆದೇ ಬದುಕುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ಎರಡು ದೋಷಗಳಿವೆ. ಎರಡೂ ಗಂಟೆಗಳಿಗೆ ಸಂಬಂಧಿಸಿದವು.

ವರ್ಷಕ್ಕೆ 52 ವಾರ. ವಿಶ್ರಾಂತಿಗೆ ನಾಲ್ಕು, ಜ್ವರ, ಮನೆಯ ಕೆಲಸ ಇತ್ಯಾದಿಗಳಿಗೆ ಎರಡು ವಾರ ಕಳೆದರೆ 46 ಉಳಿಯುತ್ತವೆ. ವಾರಕ್ಕೆ 40 ಗಂಟೆಯಂತೆ 1,840 ಗಂಟೆಗಳಾದವು. ಸಂಬಳದ ಕೆಲಸದಲ್ಲಿ ಅಷ್ಟೂ ಗಂಟೆಗೆ, ಅದರ ಜೊತೆಗೆ ರಜೆಯ ವಾರಗಳಿಗೂ, ಹಣ ಸಿಗುತ್ತದೆ. ಸ್ವತಂತ್ರ ಬರಹದಲ್ಲಿ ಹಾಗಲ್ಲ. ಹೊಸ ಗ್ರಾಹಕರನ್ನು ಹುಡುಕುವುದು, ಪ್ರಸ್ತಾವ ಬರೆಯುವುದು, ಆ ಪ್ರಸ್ತಾವಗಳಲ್ಲಿ ಬಹುಪಾಲು ತಿರಸ್ಕೃತವಾಗುವುದು, ದರ ಮಾತಾಡುವುದು, ಬಿಲ್ ಕಳುಹಿಸಿ ಅದರ ಹಿಂದೆ ಬೀಳುವುದು, ಲೆಕ್ಕಪತ್ರ ಇಡುವುದು, ಹೊಸ ವಿಷಯ ಕಲಿಯುವುದು, ಕೆಟ್ಟ ಕಂಪ್ಯೂಟರನ್ನು ದುರಸ್ತಿಗೆ ಕೊಡುವುದು ಇವೆಲ್ಲ ಕೆಲಸಗಳೇ, ಆದರೆ ಇವಕ್ಕೆ ಯಾರೂ ಹಣ ಕೊಡುವುದಿಲ್ಲ. ನನ್ನ ಅನುಭವದಲ್ಲಿ ಮೊದಲ ಎರಡು ವರ್ಷ ಬಿಲ್ ಮಾಡಬಹುದಾದ ಗಂಟೆಗಳು ಒಟ್ಟು ಗಂಟೆಗಳ ಅರ್ಧವನ್ನು ದಾಟಲಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಮಾರಾಟಕ್ಕಿರುವುದು 920 ಗಂಟೆ ಎಂದು ಇಟ್ಟುಕೊಳ್ಳಿ.

ಇನ್ನು ಎಷ್ಟು ಗಳಿಸಬೇಕು ಎಂಬ ಪ್ರಶ್ನೆ. ಈಗಿನ ಸಂಬಳವನ್ನು 100 ಭಾಗ ಎನ್ನೋಣ. ಆರೋಗ್ಯ ವಿಮೆ, ನಿವೃತ್ತಿಯ ಉಳಿತಾಯಕ್ಕೆ ಸಂಸ್ಥೆ ಹಾಕುವ ಪಾಲು, ಯಂತ್ರ, ತಂತ್ರಾಂಶ, ವಿದ್ಯುತ್ತು, ಕುರ್ಚಿ ಇವೆಲ್ಲ ಇನ್ನು ಮುಂದೆ ನಿಮ್ಮ ಜೇಬಿನಿಂದ ಹೋಗುತ್ತವೆ. ಇದಕ್ಕೆ 30 ಭಾಗ ಸೇರಿಸಿದರೆ ಹೆಚ್ಚೇನೂ ಆಗಲಾರದು. 130 ಭಾಗವನ್ನು 920 ಗಂಟೆಗಳಲ್ಲಿ ಗಳಿಸಬೇಕು. ಸಂಬಳವನ್ನು ವರ್ಷದ 2,080 ಗಂಟೆಗಳಿಂದ (52 ವಾರ, ವಾರಕ್ಕೆ 40 ಗಂಟೆ) ಭಾಗಿಸಿ ಬಂದ ದರಕ್ಕೆ ಇದನ್ನು ಹೋಲಿಸಿದರೆ ಸುಮಾರು ಮೂರು ಪಟ್ಟಾಗುತ್ತದೆ. ಹೊಸಬರು ಈ ದರ ಕೇಳಲು ಸಂಕೋಚಪಡುತ್ತಾರೆ, ಏಕೆಂದರೆ ಅದು ದುರಾಸೆಯಂತೆ ಕಾಣುತ್ತದೆ. ದುರಾಸೆಯಲ್ಲ, ಅದಕ್ಕಿಂತ ಕಡಿಮೆ ಕೇಳಿದರೆ ಮೊದಲಿಗಿಂತ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡಂತೆ.

ಎರಡನೆಯ ದೋಷ ಆ ಹದಿನೈದು ಗಂಟೆ. ಅದನ್ನು ಅಳೆದು ಹೇಳುತ್ತಿದ್ದೀರೋ, ಊಹಿಸಿ ಹೇಳುತ್ತಿದ್ದೀರೋ? 1,200 ಪದಗಳ ಒಂದು ಲೇಖನಕ್ಕೆ ನಾನು ಐದು ಗಂಟೆ ಹಿಡಿಯುತ್ತದೆಂದು ವರ್ಷಗಟ್ಟಲೆ ನಂಬಿದ್ದೆ. ಒಮ್ಮೆ ಬರೆದಿಟ್ಟು ನೋಡಿದಾಗ ಹಿನ್ನೆಲೆಯ ಓದಿಗೆ ಎರಡು ಗಂಟೆ, ಸಂದರ್ಶನವನ್ನು ಹೊಂದಿಸಿ, ನಡೆಸಿ, ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ಎರಡೂವರೆ, ಮೊದಲ ಕರಡಿಗೆ ಮೂರು, ತಿದ್ದುವುದಕ್ಕೆ ಒಂದೂವರೆ, ಸಂಪಾದಕರ ಪ್ರಶ್ನೆಗಳಿಗೆ ಉತ್ತರಿಸಿ ಬಿಲ್ ಕಳುಹಿಸುವುದಕ್ಕೆ ಒಂದು, ಒಟ್ಟು ಹತ್ತು ಗಂಟೆಗಳಾದವು. ಬರೆಯುವುದು ಎಂದು ನಾವು ಕರೆಯುತ್ತಿದ್ದುದು ಅದರಲ್ಲಿ ಮೂರು ಗಂಟೆ ಮಾತ್ರ. ಪದಕ್ಕಿಷ್ಟು ಎಂಬ ದರ ಈ ಸತ್ಯವನ್ನು ಚೆನ್ನಾಗಿ ಮುಚ್ಚಿಡುತ್ತದೆ.

ರಾಜೀನಾಮೆಯನ್ನು ಒಂದು ತಿಂಗಳು ಪಕ್ಕಕ್ಕಿಟ್ಟು ಪ್ರತಿಯೊಂದು ಕೆಲಸಕ್ಕೂ ತಗಲುವ ಸಮಯವನ್ನು ಗಡಿಯಾರ ನೋಡಿ ಬರೆದಿಡಿ. ಮಿಂಚಂಚೆಗೆ ಉತ್ತರಿಸಿದ ಹತ್ತು ನಿಮಿಷವನ್ನೂ ಬಿಡಬೇಡಿ.

ಕರಡುಪ್ರತಿ

ಗಡಿಯಾರದ ಮಾತು ಬಂದದ್ದರಿಂದ ಒಂದು ಹಳೆಯ ಉದಾಹರಣೆಯನ್ನು ಹೇಳಬೇಕೆನಿಸಿತು. ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೊಪ್ 1834ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿದವರು. ಅವರ ಮೊದಲ ಕಾದಂಬರಿ ಹೊರಬಂದದ್ದು 1847ರಲ್ಲಿ; ನೌಕರಿ ಬಿಟ್ಟದ್ದು 1867ರಲ್ಲಿ. ನಡುವಿನ ಇಪ್ಪತ್ತು ವರ್ಷ ನೌಕರಿಯ ಜೊತೆಗೇ ಬರೆದರು; ಅದರ ಕೊನೆಯ ಕೆಲವು ವರ್ಷ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಎಂಬ ನಿಯಮ ಹಾಕಿಕೊಂಡು, ಕಚೇರಿಯ ಹೊತ್ತಿಗೆ ಮುನ್ನ ಬರೆಯುತ್ತಿದ್ದರು. ಅವರು ನೌಕರಿ ಬಿಟ್ಟ ರೀತಿ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಅರವತ್ತು ವಯಸ್ಸಿಗೆ ಮೊದಲೇ ಬಿಟ್ಟರೆ ಪಿಂಚಣಿ ಕೈತಪ್ಪುತ್ತಿತ್ತು. ಹಾಗೆ ತಪ್ಪುವ ಪಿಂಚಣಿಯಷ್ಟೇ ಆದಾಯ ತರಬಲ್ಲ ಮೊತ್ತವನ್ನು ಬರವಣಿಗೆಯಿಂದ ಕೂಡಿಟ್ಟ ಮೇಲೆಯೇ ಅವರು ಹೊರಬಂದರು. ಆಗ ಅವರಿಗೆ 52 ವರ್ಷ, ಅಷ್ಟರಲ್ಲಿ ಅವರು ಹೆಸರಾಂತ ಲೇಖಕರಾಗಿದ್ದರು.

ಎಲ್ಲರೂ ಇಪ್ಪತ್ತು ವರ್ಷ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಪೂರ್ಣಾವಧಿ ಬರಹಗಾರರಾದರೆ ಮಾತ್ರ ನಿಜವಾದ ಬರಹಗಾರರು ಎಂಬ ಭಾವನೆ ಈ ಚರ್ಚೆಗಳಲ್ಲಿ ಹೇಳದೆಯೇ ಸುಳಿದಾಡುತ್ತಿರುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಸಂಬಳವಿದ್ದಾಗ ಬೇಡವೆನಿಸಿದ ಕೆಲಸಕ್ಕೆ ಇಲ್ಲ ಎನ್ನಬಹುದು. ಸಂಬಳ ನಿಂತ ದಿನದಿಂದ ಆ ಶಕ್ತಿ ಕಡಿಮೆಯಾಗುತ್ತದೆ. ಸಂಜೆಬರಹ ಅವರೇ, ನೀವು ಬಿಡಬೇಕೆಂದಿರುವುದು ದಣಿವನ್ನೋ ಕೆಲಸವನ್ನೋ ಎಂಬುದನ್ನು ಒಮ್ಮೆ ಕೇಳಿಕೊಳ್ಳಿ, ಏಕೆಂದರೆ ಈ ಎರಡಕ್ಕೆ ಪರಿಹಾರಗಳು ಬೇರೆ ಬೇರೆ.

ಸಂಜೆಬರಹ

ಹಳೆಯ ಲೇಖನಿ ಅವರೇ, ಊಹಿಸಿಯೇ ಹೇಳಿದ್ದು. ಇಂದಿನಿಂದ ಬರೆದಿಡುತ್ತೇನೆ. ಕರಡುಪ್ರತಿ ಅವರೇ, ನಿಮ್ಮ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದಣಿವೇ ಇರಬಹುದು, ಆದರೆ ದಣಿವು ಮಾತ್ರವಲ್ಲ. ಹಗಲಿನಲ್ಲಿ ತಜ್ಞರೊಬ್ಬರೊಡನೆ ಮಾತಾಡಲು ಆಗದೆ, ಕಚೇರಿಯ ಹೊರಗೆ ನಿಂತು ಹತ್ತು ನಿಮಿಷದಲ್ಲಿ ಅವಸರವಾಗಿ ಸಂದರ್ಶನ ಮುಗಿಸಿ, ಕೇಳಬೇಕಾಗಿದ್ದ ಪ್ರಶ್ನೆಯೇ ಉಳಿದುಹೋದ ಲೇಖನಗಳನ್ನು ನಾನು ಪ್ರಕಟಿಸಿದ್ದೇನೆ. ಅವನ್ನು ಓದಿದವರಿಗೆ ಕೊರತೆ ಕಾಣದಿದ್ದರೂ ನನಗೆ ಕಾಣುತ್ತದೆ.

ಮರುಪಯಣ

ನಾನು 2022ರ ಜೂನ್‌ನಲ್ಲಿ ಕೆಲಸ ಬಿಟ್ಟು, ಹದಿನಾಲ್ಕು ತಿಂಗಳು ಪೂರ್ಣಾವಧಿ ಬರೆದು, ಮತ್ತೆ ಸಂಬಳಕ್ಕೆ ಸೇರಿದವಳು. ಏನಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಗೆದ್ದವರ ಕಥೆಗಳೇ ಹೆಚ್ಚಾಗಿ ಓದಲು ಸಿಗುವುದರಿಂದ ಇದಕ್ಕೂ ಒಂದು ಜಾಗ ಇರಲಿ.

ಆರು ತಿಂಗಳ ಖರ್ಚಿನಷ್ಟು ಉಳಿತಾಯ ನನ್ನಲ್ಲಿತ್ತು. ಅದು ಆರು ತಿಂಗಳು ಕಾಯುತ್ತದೆಂದು, ಅಷ್ಟರಲ್ಲಿ ಕೆಲಸ ಕುದುರುತ್ತದೆಂದು ಭಾವಿಸಿದ್ದೆ. ಕೆಲಸ ಮೊದಲ ತಿಂಗಳಲ್ಲೇ ಕುದುರಿತು. ಹಣ ಮಾತ್ರ ಬರಲಿಲ್ಲ. ಒಂದು ದೊಡ್ಡ ಲೇಖನವನ್ನು ಜೂನ್ ಕೊನೆಗೆ ಕೊಟ್ಟೆ. ಸಂಪಾದಕರು ಓದಿ ಟಿಪ್ಪಣಿ ಕಳುಹಿಸಲು ಮೂರು ವಾರ ಹಿಡಿಯಿತು. ತಿದ್ದಿ ಕೊಟ್ಟದ್ದು ಆಗಸ್ಟ್ ಆರಂಭದಲ್ಲಿ, ಒಪ್ಪಿಗೆಯಾದದ್ದು ಆ ತಿಂಗಳ ಕೊನೆಗೆ. ಒಪ್ಪಂದದಲ್ಲಿ ಹಣ ಸಂದಾಯ ಪ್ರಕಟಣೆಯ ನಂತರ ಎಂದಿತ್ತು, ನಾನು ಅದನ್ನು ಓದಿಯೂ ಗಮನಿಸಿರಲಿಲ್ಲ. ಲೇಖನ ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಅಲ್ಲಿಂದ 45 ದಿನಗಳ ಗಡುವು. ಜೂನ್‌ನಲ್ಲಿ ಮಾಡಿದ ಕೆಲಸದ ಹಣ ನವೆಂಬರ್ ಮಧ್ಯದಲ್ಲಿ ಕೈಗೆ ಬಂದಾಗ ಉಳಿತಾಯದ ತಳ ಕಾಣುತ್ತಿತ್ತು. ಸ್ವೀಕಾರವಾದ ಕೂಡಲೇ ಹಣ ಕೊಡುವವರಿಗೂ ಪ್ರಕಟವಾದ ಮೇಲೆ ಕೊಡುವವರಿಗೂ ಇರುವ ವ್ಯತ್ಯಾಸ ಎಷ್ಟೆಂಬುದು, ಹವ್ಯಾಸಕ್ಕೆ ಬರೆಯುವಷ್ಟು ದಿನ ಅರ್ಥವಾಗುವುದಿಲ್ಲ. ಮನೆಬಾಡಿಗೆ ಅದರಿಂದ ಕಟ್ಟಬೇಕಾದಾಗ ಅರ್ಥವಾಗುತ್ತದೆ.

ಈ ಕಾರಣದಿಂದ ಉಳಿತಾಯವನ್ನು ಲೆಕ್ಕ ಹಾಕುವಾಗ ಮೊದಲ ನಾಲ್ಕು ತಿಂಗಳು ಹೊಸ ಕೆಲಸದಿಂದ ಏನೂ ಬರುವುದಿಲ್ಲ ಎಂದೇ ಇಟ್ಟುಕೊಳ್ಳಬೇಕು. ಸಂಜೆಬರಹ ಅವರೇ, ನಿಮ್ಮ ಏಳು ತಿಂಗಳಲ್ಲಿ ನಿಜವಾಗಿ ನಿಮಗೆ ರಕ್ಷಣೆ ಕೊಡುವುದು ಕೊನೆಯ ಮೂರು ತಿಂಗಳು ಮಾತ್ರ.

ಎರಡನೆಯ ಪೆಟ್ಟು ಬೇರೆ ಕಡೆಯಿಂದ ಬಂತು. ನನ್ನ ವರಮಾನದ ಮೂರನೇ ಎರಡು ಭಾಗ ಒಬ್ಬರೇ ಗ್ರಾಹಕರಿಂದ ಬರುತ್ತಿತ್ತು. ಅವರ ಉತ್ಪನ್ನಗಳಿಗೆ ಕಿರು ವಿವರಣೆಗಳನ್ನೂ ಜಾಲತಾಣದ ಸಾಮಾನ್ಯ ಪುಟಗಳನ್ನೂ ಬರೆಯುತ್ತಿದ್ದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾಯಿತು. ಮುಂದಿನ ವಸಂತದ ಹೊತ್ತಿಗೆ ಆ ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥರೂ ಬದಲಾದರು, ಬಜೆಟ್ಟೂ ಕುಗ್ಗಿತು. ಯಂತ್ರ ಬರೆದ ಕರಡನ್ನು ತಿದ್ದಿಕೊಡುವಂತೆ ಹಿಂದಿನ ದರದ ಐದನೇ ಒಂದು ಭಾಗಕ್ಕೆ ಕೇಳಿದರು. ಯಾವ ಕಾರಣಕ್ಕೆ ಎಷ್ಟು ಪಾಲು ಎಂದು ನಾನು ಹೇಳಲಾರೆ. ಆದರೆ ನನ್ನ ಪರಿಚಯದ ಬರಹಗಾರರಲ್ಲಿ ಅಂಥ ಕಿರುಬರಹವನ್ನೇ ನಂಬಿದ್ದವರಿಗೆ ಕಷ್ಟವಾಯಿತು, ಜನರನ್ನು ಭೇಟಿಯಾಗಿ, ಕಡತ ಓದಿ, ಒಂದು ಕ್ಷೇತ್ರವನ್ನು ಆಳವಾಗಿ ತಿಳಿದು ಬರೆಯುತ್ತಿದ್ದವರಿಗೆ ಅಷ್ಟು ಆಗಲಿಲ್ಲ. ಒಬ್ಬನೇ ಗ್ರಾಹಕ ಎಂದರೆ ರಜೆಯೂ ವಿಮೆಯೂ ನೋಟಿಸ್ ಅವಧಿಯೂ ಇಲ್ಲದ ನೌಕರಿ ಎಂಬುದನ್ನು ನಾನು ಆ ಒಂದು ಮಿಂಚಂಚೆಯಿಂದ ಕಲಿತೆ.

ಮರಳಿ ಸೇರಿದ್ದನ್ನು ಸೋಲೆಂದು ನಾನು ಕಾಣುವುದಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಬರೆದ ನಾಲ್ಕು ಲೇಖನಗಳ ಬಗ್ಗೆ ಈಗಲೂ ಹೆಮ್ಮೆಯಿದೆ. ಇನ್ನೊಮ್ಮೆ ಹೊರಡುವ ಆಸೆಯೂ ಇದೆ.

ಷರಾ

ಮರುಪಯಣ ಅವರು ಪ್ರಕಟಣೆಯ ನಂತರ ಎಂಬ ಎರಡು ಪದಗಳ ಬೆಲೆಯನ್ನು ಚೆನ್ನಾಗಿ ತೋರಿಸಿದ್ದಾರೆ. ನಾನು ಹಲವು ವರ್ಷ ಪ್ರಕಾಶನದ ಒಪ್ಪಂದಗಳನ್ನು ಓದುವ ಕೆಲಸ ಮಾಡಿದವನು. ಈಗ ನಾನೂ ಸ್ವತಂತ್ರವಾಗಿ ಬರೆಯುತ್ತೇನೆ. ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲು ಓದಬೇಕಾದದ್ದು ಗ್ರಾಹಕರ ಒಪ್ಪಂದವನ್ನಲ್ಲ, ಈಗಿನ ನೌಕರಿಯ ಒಪ್ಪಂದವನ್ನು. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕೆಂಬ ಷರತ್ತು, ನೌಕರಿಯ ಅವಧಿಯಲ್ಲಿ ಬರೆದದ್ದೆಲ್ಲ ಸಂಸ್ಥೆಗೆ ಸೇರುತ್ತದೆ ಎಂಬ ಷರತ್ತು, ಬಿಟ್ಟ ಮೇಲೆ ಇಂತಿಷ್ಟು ಕಾಲ ಅದೇ ಕ್ಷೇತ್ರದ ಇತರರಿಗೆ ಕೆಲಸ ಮಾಡಬಾರದೆಂಬ ಷರತ್ತು ಇವುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ರಾಜೀನಾಮೆ ಕೊಟ್ಟ ಮೇಲೆ ಇವನ್ನು ಕಂಡು ಗಾಬರಿಯಾದವರನ್ನು ಬಲ್ಲೆ.

ಇನ್ನು ಹಕ್ಕುಸ್ವಾಮ್ಯ. 1886ರ ಬರ್ನ್ ಒಡಂಬಡಿಕೆಯನ್ನು ಒಪ್ಪಿರುವ ದೇಶಗಳಲ್ಲಿ, ಅಂದರೆ ಜಗತ್ತಿನ ಬಹುತೇಕ ದೇಶಗಳಲ್ಲಿ, ಬರಹದ ಮೇಲಿನ ಹಕ್ಕು ಬರೆದ ಕ್ಷಣದಲ್ಲೇ ಬರೆದವರಿಗೆ ಹುಟ್ಟುತ್ತದೆ. ಅದಕ್ಕೆ ನೋಂದಣಿ ಬೇಕಿಲ್ಲ. ಹಕ್ಕಿನ ಕನಿಷ್ಠ ಅವಧಿ ಲೇಖಕರ ಜೀವಿತಾವಧಿ ಮತ್ತು ಆನಂತರದ 50 ವರ್ಷ. ನೌಕರಿಯ ಭಾಗವಾಗಿ ಬರೆದದ್ದನ್ನು ಅನೇಕ ದೇಶಗಳ ಕಾನೂನು ಬೇರೆಯಾಗಿಯೇ ಕಾಣುತ್ತದೆ. ಸಂಬಳದಿಂದ ಸ್ವತಂತ್ರ ಬರಹಕ್ಕೆ ಬರುವವರು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇದುವರೆಗೆ ನೀವು ಸಮಯವನ್ನು ಮಾರುತ್ತಿದ್ದಿರಿ, ಇನ್ನು ಮುಂದೆ ಹಕ್ಕುಗಳನ್ನು ಮಾರುತ್ತೀರಿ. ಒಂದು ಬಾರಿ ಪ್ರಕಟಿಸುವ ಹಕ್ಕು, ಜಾಲದಲ್ಲಿ ಇರಿಸುವ ಹಕ್ಕು, ಅನುವಾದದ ಹಕ್ಕು, ಸಂಕಲನದಲ್ಲಿ ಸೇರಿಸುವ ಹಕ್ಕು ಇವೆಲ್ಲ ಬೇರೆ ಬೇರೆ ಸರಕುಗಳು. ಎಲ್ಲ ಹಕ್ಕುಗಳೂ ಶಾಶ್ವತವಾಗಿ ಎಂಬ ಒಂದೇ ವಾಕ್ಯದಲ್ಲಿ ಇಷ್ಟನ್ನೂ ಒಟ್ಟಿಗೆ ಕೊಟ್ಟುಬಿಡುವುದಾದರೆ ದರವೂ ಅದಕ್ಕೆ ತಕ್ಕಂತಿರಬೇಕು.

ಇದು ಕಾಗದದ ಮೇಲಿನ ಸೂಕ್ಷ್ಮವಷ್ಟೇ ಎಂದು ಯಾರಿಗಾದರೂ ಅನ್ನಿಸಿದರೆ, ಅಮೆರಿಕದಲ್ಲಿ ಜೊನಾಥನ್ ಟಸೀನಿ ಮತ್ತು ಇತರ ಸ್ವತಂತ್ರ ಬರಹಗಾರರು ನ್ಯೂಯಾರ್ಕ್ ಟೈಮ್ಸ್ ಮೊದಲಾದ ಪ್ರಕಾಶಕರ ವಿರುದ್ಧ ನಡೆಸಿದ ಮೊಕದ್ದಮೆಯನ್ನು ನೆನೆಯಬೇಕು. ಮುದ್ರಣಕ್ಕೆಂದು ಕೊಟ್ಟ ಲೇಖನಗಳನ್ನು ಅನುಮತಿಯಿಲ್ಲದೆ ವಿದ್ಯುನ್ಮಾನ ದತ್ತಸಂಚಯಗಳಿಗೆ (ಡೇಟಾಬೇಸ್‌ಗಳಿಗೆ) ಸೇರಿಸಿದ್ದರು. 2001ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಏಳು ನ್ಯಾಯಮೂರ್ತಿಗಳ ಬಹುಮತದಿಂದ ಬರಹಗಾರರ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅಷ್ಟು ಹೊತ್ತಿಗಾಗಲೇ ವಿದ್ಯುನ್ಮಾನ ಹಕ್ಕುಗಳನ್ನೂ ಸೇರಿಸಿ ಬರೆಸಿಕೊಳ್ಳುವ ಒಪ್ಪಂದಗಳು ರೂಢಿಗೆ ಬಂದಿದ್ದವು. ತೀರ್ಪು ಹಳೆಯ ಲೇಖನಗಳ ವಿಷಯದಲ್ಲಿ ನ್ಯಾಯ ಕೊಟ್ಟಿತು, ಹೊಸ ಲೇಖನಗಳ ವಿಷಯದಲ್ಲಿ ಬರಹಗಾರರು ಸಹಿ ಹಾಕುವ ಮುನ್ನ ತಾವೇ ಎಚ್ಚರವಾಗಿರಬೇಕಾಯಿತು.

ಪ್ರತಿ ಒಪ್ಪಂದದಲ್ಲೂ ನಾನು ಹುಡುಕುವುದು ಇವಿಷ್ಟು: ಕೆಲಸದ ವ್ಯಾಪ್ತಿ ಸ್ಪಷ್ಟವಿದೆಯೇ, ಒಪ್ಪಿದ ದರದಲ್ಲಿ ಎಷ್ಟು ಸುತ್ತಿನ ತಿದ್ದುಪಡಿ ಸೇರಿದೆ, ಬರೆದು ಕೊಟ್ಟ ಮೇಲೆ ಅವರೇ ಕೈಬಿಟ್ಟರೆ ಕೊಡುವ ರದ್ದತಿ ಸಂಭಾವನೆ ಎಷ್ಟು, ಹಣ ಯಾವ ದಿನದಿಂದ ಎಷ್ಟು ದಿನದೊಳಗೆ, ಮತ್ತು ಹಕ್ಕು ವರ್ಗಾವಣೆಯಾಗುವುದು ಸಹಿ ಹಾಕಿದಾಗಲೋ ಪೂರ್ಣ ಹಣ ಸಂದಾಯವಾದ ಮೇಲೋ. ಕೊನೆಯದು ಬಹಳ ಮುಖ್ಯ. ಪೂರ್ಣ ಹಣ ಬಂದ ಮೇಲೆ ಮಾತ್ರ ಹಕ್ಕು ಹೋಗುತ್ತದೆ ಎಂದು ಬರೆಸಿಕೊಂಡವರ ಬಿಲ್‌ಗಳು ಬೇಗ ಪಾವತಿಯಾಗುವುದನ್ನು ನಾನು ಕಂಡಿದ್ದೇನೆ. ಇನ್ನೊಂದು ಷರತ್ತು ಹೊಸಬರನ್ನು ಹೆದರಿಸಬೇಕು, ಆದರೆ ಹೆದರಿಸುವುದಿಲ್ಲ: ಲೇಖನದಿಂದ ಉಂಟಾಗುವ ಯಾವುದೇ ಕಾನೂನು ವೆಚ್ಚವನ್ನು ಮಿತಿಯಿಲ್ಲದೆ ಬರಹಗಾರರೇ ಭರಿಸಬೇಕೆಂಬುದು. ನಿಮಗೆ ತಿಳಿದಮಟ್ಟಿಗೆ ಬರೆದದ್ದು ನಿಜ ಎಂಬ ಭರವಸೆಯಷ್ಟಕ್ಕೇ ಅದನ್ನು ಸೀಮಿತಗೊಳಿಸಲು ಕೇಳಿ. ಕೇಳಿದರೆ ಹಲವರು ಒಪ್ಪುತ್ತಾರೆ.

ಕಾನೂನಿನ ನೆರವು ಕೆಲವೆಡೆ ಇದೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರ, ಒಂದು ಮೊತ್ತಕ್ಕಿಂತ ಹೆಚ್ಚಿನ ಸ್ವತಂತ್ರ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಒಪ್ಪಂದದಲ್ಲಿ ದಿನಾಂಕವಿಲ್ಲದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಕೊಡಬೇಕು. ಲಂಡನ್ನಿನಲ್ಲಿ 1884ರಲ್ಲಿ ಆರಂಭವಾದ ಸೊಸೈಟಿ ಆಫ್ ಆಥರ್ಸ್ ಮತ್ತು ಅಮೆರಿಕದಲ್ಲಿ 1912ರಲ್ಲಿ ಆರಂಭವಾದ ಆಥರ್ಸ್ ಗಿಲ್ಡ್ ತಮ್ಮ ಸದಸ್ಯರ ಒಪ್ಪಂದಗಳನ್ನು ಪರಿಶೀಲಿಸಿ ಸಲಹೆ ಕೊಡುತ್ತವೆ. ನೀವಿರುವಲ್ಲಿ ಅಂಥ ಸಂಘವಿದ್ದರೆ ಕೆಲಸ ಬಿಡುವ ಮೊದಲೇ ಸೇರಿ.

ಮೌನಪುಟ

ಹಣದ ಬಗ್ಗೆ ಬಲ್ಲವರು ಹೇಳಿದ್ದಾರೆ, ನಾನು ದಿನದ ಬಗ್ಗೆ ಒಂದು ಮಾತು ಹೇಳುತ್ತೇನೆ. ಕೆಲಸ ಬಿಟ್ಟ ಮೊದಲ ವಾರ ಎಂಟು ಗಂಟೆಯೂ ಬರೆಯಬಹುದೆಂದು ಕುಳಿತೆ. ನಾಲ್ಕನೇ ಗಂಟೆಯ ನಂತರ ಬರೆದ ವಾಕ್ಯಗಳನ್ನು ಮರುದಿನ ಅಳಿಸಬೇಕಾಯಿತು. ಒಂದು ದಿನದಲ್ಲಿ ಒಳ್ಳೆಯ ಗದ್ಯ ಬರೆಯುವ ಶಕ್ತಿ ನನಗೆ ಮೂರೂವರೆ ಗಂಟೆಗಿಂತ ಹೆಚ್ಚು ಇಲ್ಲವೆಂದು ತಿಳಿಯಲು ಒಂದು ವರ್ಷ ಬೇಕಾಯಿತು. ಈಗ ಬೆಳಗಿನ ಹೊತ್ತು ಕರಡಿಗೆ ಮೀಸಲು, ಮಧ್ಯಾಹ್ನ ಓದು, ಫೋನು, ಪತ್ರ, ಲೆಕ್ಕ. ಇನ್ನೊಂದು ಸಂಗತಿಯನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ: ನನ್ನ ಸ್ವಂತ ಕಥೆಗಳನ್ನು ಬರೆಯಲು ಸಮಯ ಸಿಗುತ್ತದೆಂದು ಕೆಲಸ ಬಿಟ್ಟಿದ್ದೆ, ಆದರೆ ದಿನವಿಡೀ ಇತರರಿಗಾಗಿ ವಾಕ್ಯ ಕಟ್ಟಿದ ಮೇಲೆ ಸಂಜೆ ಕಥೆಗೆ ಕೂರುವುದು ಕಚೇರಿಯಿಂದ ಬಂದು ಕೂರುವುದಕ್ಕಿಂತ ಕಷ್ಟವಾಯಿತು. ವಾರದಲ್ಲಿ ಒಂದು ಬೆಳಗನ್ನು ಯಾವ ಗ್ರಾಹಕರಿಗೂ ಕೊಡದೆ ಉಳಿಸಿಕೊಂಡಾಗಲೇ ಕಥೆ ಮುಂದುವರಿದದ್ದು.

ಸಂಜೆಬರಹ

ನಾಲ್ಕು ವಾರ ಬರೆದಿಟ್ಟೆ. ಫಲಿತಾಂಶವನ್ನು ಇದ್ದಂತೆ ಹೇಳುತ್ತೇನೆ.

ವಾರಕ್ಕೆ ಹದಿನೈದು ಎಂದು ನಂಬಿದ್ದ ಗಂಟೆಗಳು ವಾಸ್ತವದಲ್ಲಿ ಇಪ್ಪತ್ತಮೂರು. ಊಟದ ವಿರಾಮದಲ್ಲಿ ಬರೆದ ಪತ್ರಗಳು, ಮಲಗುವ ಮುನ್ನ ಓದಿದ ಸಂಶೋಧನಾ ಲೇಖನಗಳು ಇವಾವುವೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವುಗಳಲ್ಲಿ ಹದಿನೈದು ಗಂಟೆ ಆರೋಗ್ಯ ಕಂಪನಿಗೆ ಹೋಗಿವೆ, ಅವರಿಂದ ಬರುವುದು ವರಮಾನದ ಶೇಕಡ 60. ನಿಯತಕಾಲಿಕೆಗೆ ಐದು ಗಂಟೆ, ಶೇಕಡ 10. ನಾನು ಎಂದೂ ಮುಖ್ಯವೆಂದು ಎಣಿಸದ ಪ್ರಕಾಶಕರ ಕೆಲಸಕ್ಕೆ ಕೇವಲ ಮೂರು ಗಂಟೆ, ಅದರಿಂದ ಶೇಕಡ 30. ಅಂದರೆ ನನ್ನ ದೊಡ್ಡ ಗ್ರಾಹಕರು ಕೊಡುವುದಕ್ಕಿಂತ ಪ್ರಕಾಶಕರು ಗಂಟೆಗೆ ಎರಡೂವರೆ ಪಟ್ಟು ಕೊಡುತ್ತಿದ್ದಾರೆ! ಕಂಪನಿಯ ಕೆಲಸದಲ್ಲಿ ನಾಲ್ವರು ಬೇರೆ ಬೇರೆ ದಿನ ಬೇರೆ ಬೇರೆ ತಿದ್ದುಪಡಿ ಹೇಳುತ್ತಾರೆ, ನಾನು ಎಲ್ಲವನ್ನೂ ಮಾಡಿಕೊಡುತ್ತೇನೆ. ಆ ಗಂಟೆಗಳೆಲ್ಲ ಅಲ್ಲಿಯೇ ಸೋರಿಹೋಗಿವೆ.

ನೌಕರಿಯ ಒಪ್ಪಂದವನ್ನೂ ಓದಿದೆ. ಹೊರಗಿನ ಕೆಲಸಕ್ಕೆ ಲಿಖಿತ ಅನುಮತಿ ಬೇಕೆಂದಿದೆ. ನಾಲ್ಕು ವರ್ಷ ಹಿಂದೆ ಬಾಯಿಮಾತಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದೆ, ಬರಹದಲ್ಲಿ ಇಲ್ಲ. ಅದನ್ನು ಮೊದಲು ಸರಿಪಡಿಸುತ್ತೇನೆ.

ಹಳೆಯ ಲೇಖನಿ

ಇಷ್ಟು ಪ್ರಾಮಾಣಿಕವಾಗಿ ಅಳೆದದ್ದಕ್ಕೆ ಅಭಿನಂದನೆಗಳು. ಈಗ ಹೊಸ ಅಂಕಿಗಳನ್ನು ಹಳೆಯ ಲೆಕ್ಕಕ್ಕೆ ಹಾಕೋಣ. ವಾರಕ್ಕೆ 23 ಗಂಟೆ, 46 ವಾರ, ಹಣ ಬಾರದ ಕೆಲಸವೂ ಸೇರಿ ಒಟ್ಟು 1,058 ಗಂಟೆ. ಗಳಿಕೆ ಸಂಬಳದ 48 ಭಾಗ. ಇದೇ ವೇಗದಲ್ಲಿ 1,840 ಗಂಟೆ ದುಡಿದರೆ ಸುಮಾರು 83 ಭಾಗ ಬರುತ್ತದೆ, ಬೇಕಾದದ್ದು 130. ನಿಮ್ಮ ಮೊದಲ ಅಂದಾಜಿನಂತೆ ಹದಿನೈದು ಗಂಟೆಯನ್ನು ನಲವತ್ತಕ್ಕೆ ಏರಿಸಿದ್ದರೆ 128 ಬರುತ್ತಿತ್ತು. ಅದನ್ನು ನಂಬಿ ಹೊರಟಿದ್ದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಕೊರತೆ ಎಲ್ಲಿಂದ ಬಂತೆಂದು ತಿಳಿಯದೆ ಇನ್ನಷ್ಟು ಗಂಟೆ ದುಡಿಯುತ್ತಿದ್ದಿರಿ. ಆ ಕೊರತೆಯನ್ನು ಗಂಟೆ ಹೆಚ್ಚಿಸಿ ತುಂಬಲು ಸಾಧ್ಯವಿಲ್ಲ. ಕೆಲಸದ ಬಗೆಯನ್ನು ಬದಲಿಸಿಯೇ ತುಂಬಬೇಕು.

ನಿಮ್ಮ ಮುಂದಿರುವ ದಾರಿ ಪ್ರಕಾಶಕರಂಥವರನ್ನು ಹೆಚ್ಚಿಸಿಕೊಳ್ಳುವುದು. ಅವರ ಕೆಲಸ ಏಕೆ ಬೇಗ ಮುಗಿಯುತ್ತದೆ ಎಂಬುದನ್ನು ಯೋಚಿಸಿ. ನಿಮಗೆ ವಿಷಯ ಗೊತ್ತು, ಓದುಗರ ವಯಸ್ಸು ಗೊತ್ತು, ತೀರ್ಮಾನ ಹೇಳುವ ಸಂಪಾದಕರು ಒಬ್ಬರೇ. ಇಂಥ ಕೆಲಸ ಕೊಡಬಲ್ಲ ಇತರರನ್ನು ಪಟ್ಟಿ ಮಾಡಿ, ವಾರಕ್ಕೆ ಇಬ್ಬರಿಗೆ ಪತ್ರ ಬರೆಯಿರಿ. ಪತ್ರದಲ್ಲಿ ನಿಮ್ಮ ಆಸಕ್ತಿಯನ್ನು ವಿವರಿಸುವುದಕ್ಕಿಂತ, ಅವರ ಪುಸ್ತಕವೊಂದರ ಒಂದು ಪುಟವನ್ನು ತೆಗೆದುಕೊಂಡು ಮಗುವಿಗೆ ಅದು ಎಲ್ಲಿ ಕಷ್ಟವಾಗುತ್ತದೆ, ನೀವು ಹೇಗೆ ಬರೆಯುತ್ತಿದ್ದಿರಿ ಎಂದು ತೋರಿಸಿ. ಈಗಿನ ಪ್ರಕಾಶಕರನ್ನೂ ಕೇಳಿ. ವರ್ಷಕ್ಕೆ ಇಂತಿಷ್ಟು ಪುಸ್ತಕ ಎಂದು ಮೊದಲೇ ನಿಗದಿಯಾದರೆ ತಿಂಗಳಿಗೊಂದು ಸ್ಥಿರ ಮೊತ್ತ ಸಿಗುತ್ತದೆ, ಆ ಸ್ಥಿರ ಮೊತ್ತವೇ ನೆಲಗಟ್ಟು.

ದರ ಹೆಚ್ಚಿಸುವುದನ್ನು ಹೊಸಬರಿಂದ ಆರಂಭಿಸಿ, ಏಕೆಂದರೆ ಹೊಸಬರಿಗೆ ನಿಮ್ಮ ಹಳೆಯ ದರ ಗೊತ್ತಿರುವುದಿಲ್ಲ. ಆ ದರಕ್ಕೆ ಇಬ್ಬರು ಒಪ್ಪಿದ ಮೇಲೆ ದೊಡ್ಡ ಗ್ರಾಹಕರೊಡನೆ ಮಾತಾಡುವಾಗ ನಿಮ್ಮ ಧ್ವನಿ ತಾನಾಗಿಯೇ ಗಟ್ಟಿಯಾಗುತ್ತದೆ. ಅವರಿಗೆ ದರ ಏರಿಸುವ ಮೊದಲು ತಿದ್ದುಪಡಿಯನ್ನು ಎರಡು ಸುತ್ತಿಗೆ ಸೀಮಿತಗೊಳಿಸಲು, ಎಲ್ಲರ ಅಭಿಪ್ರಾಯವನ್ನು ಒಬ್ಬರೇ ಕ್ರೋಡೀಕರಿಸಿ ಕಳುಹಿಸಲು ಕೇಳಿ. ಹಣ ಹೆಚ್ಚು ಕೇಳದೆಯೇ ನಿಮ್ಮ ಗಂಟೆಯ ಗಳಿಕೆ ಹೆಚ್ಚುತ್ತದೆ, ಅವರ ಬರಹವೂ ಉತ್ತಮವಾಗುತ್ತದೆ.

ನಿಯತಕಾಲಿಕೆಯನ್ನು ಬಿಡಬೇಡಿ ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಲೆಕ್ಕದ ಪ್ರಕಾರ ಅದು ನಷ್ಟ. ಆದರೆ ನಿಮ್ಮ ಹೆಸರು ಕಾಣುವುದು ಅಲ್ಲಿ ಮಾತ್ರ, ಕಂಪನಿಯ ಬರಹದಲ್ಲಿ ಹೆಸರೇ ಇರುವುದಿಲ್ಲ.

ಕರಡುಪ್ರತಿ

ಹಳೆಯ ಲೇಖನಿ ಅವರ ಕೊನೆಯ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಒಂದು ಸಲಹೆ ಮಾತ್ರ ಸೇರಿಸುತ್ತೇನೆ. ಬಿಡುವುದು ಅಥವಾ ಉಳಿಯುವುದು ಎಂಬ ಎರಡೇ ಆಯ್ಕೆಗಳಿವೆ ಎಂದು ನಾವೆಲ್ಲ ಮಾತಾಡುತ್ತಿದ್ದೇವೆ. ಹನ್ನೊಂದು ವರ್ಷ ಕೆಲಸ ಮಾಡಿದವರು ವಾರಕ್ಕೆ ಮೂರು ಅಥವಾ ನಾಲ್ಕು ದಿನದ ಕೆಲಸ ಕೇಳಬಹುದು. ಉತ್ತರ ಇಲ್ಲ ಎಂದಾದರೂ ಕಳೆದುಕೊಳ್ಳುವುದು ಕಡಿಮೆ. ಲಿಖಿತ ಅನುಮತಿ ಕೇಳಲು ಹೇಗೂ ಹೋಗುತ್ತಿದ್ದೀರಿ.

ಸಂಜೆಬರಹ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಲಿಖಿತ ಅನುಮತಿ ಸಿಕ್ಕಿತು. ಅದೇ ಮಾತಿನಲ್ಲಿ ದಿನ ಕಡಿಮೆ ಮಾಡುವ ವಿಷಯವನ್ನೂ ಪ್ರಸ್ತಾಪಿಸಿದೆ. ಮೊದಲು ಆಗದು ಎಂದರು, ಹತ್ತು ದಿನಗಳ ನಂತರ ಕರೆದು ಆರು ತಿಂಗಳ ಮಟ್ಟಿಗೆ ವಾರಕ್ಕೆ ಮೂರು ದಿನ, ಸಂಬಳವೂ ಅದೇ ಪ್ರಮಾಣದಲ್ಲಿ, ವಿಮೆ ಮಾತ್ರ ಮುಂದುವರಿಯುತ್ತದೆ ಎಂದು ತಿಳಿಸಿದರು. ಒಪ್ಪಿಕೊಂಡೆ. ರಾಜೀನಾಮೆ ಪತ್ರ ಇನ್ನೂ ನನ್ನ ಬಳಿಯೇ ಇದೆ.

ಹದಿನಾರು ಪತ್ರ ಬರೆದೆ. ಹನ್ನೆರಡಕ್ಕೆ ಉತ್ತರವಿಲ್ಲ, ಇಬ್ಬರು ಮುಂದಿನ ವರ್ಷ ನೋಡೋಣ ಎಂದಿದ್ದಾರೆ, ಒಬ್ಬರು ಮಾದರಿ ಅಧ್ಯಾಯ ಕೇಳಿ ಅದಕ್ಕೆ ಹಣ ಕೊಡಲಾಗದೆಂದರು, ನಾನು ವಿನಯದಿಂದ ನಿರಾಕರಿಸಿದೆ. ಒಬ್ಬರು ಹೊಸ ದರಕ್ಕೆ ಒಪ್ಪಿ ಎರಡು ಪುಸ್ತಕ ಕೊಟ್ಟಿದ್ದಾರೆ. ಮೂರನೇ ಒಂದು ಭಾಗ ಮುಂಗಡವಾಗಿ ಬಂದಿದೆ. ಒಪ್ಪಂದದಲ್ಲಿ ಹಕ್ಕು ವರ್ಗಾವಣೆ ಪೂರ್ಣ ಸಂದಾಯದ ನಂತರ ಎಂದು ತಿದ್ದಲು ಷರಾ ಅವರು ಹೇಳಿದಂತೆ ಕೇಳಿದೆ, ಪ್ರಶ್ನೆಯಿಲ್ಲದೆ ತಿದ್ದಿದರು. ಆರೋಗ್ಯ ಕಂಪನಿಯವರು ಎರಡು ಸುತ್ತಿನ ತಿದ್ದುಪಡಿಗೆ ಒಪ್ಪಿದ್ದಾರೆ, ದರದ ಬಗ್ಗೆ ಉತ್ತರ ಇನ್ನೂ ಬಂದಿಲ್ಲ. ಬರದಿರಲೂಬಹುದು ಎಂಬ ಅಳುಕು ಇದೆ, ಅವರ ಪಾಲು ಶೇಕಡ 60ರಿಂದ 45ಕ್ಕೆ ಇಳಿದಿರುವುದರಿಂದ ರಾತ್ರಿ ನಿದ್ದೆ ಕೆಡುವಷ್ಟಿಲ್ಲ.

ಕಳೆದ ಗುರುವಾರ ನಿಯತಕಾಲಿಕೆಯ ಲೇಖನಕ್ಕಾಗಿ ಒಬ್ಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಹಗಲಿನಲ್ಲಿ ಹೋಗಿ ಮೂರು ಗಂಟೆ ಕುಳಿತು ಮಾತಾಡಿದೆ. ಸಮಯದ ಪುಸ್ತಕದಲ್ಲಿ ಆ ಮೂರು ಗಂಟೆಯನ್ನೂ ಬರೆದಿದ್ದೇನೆ. ಮರುಪಯಣ ಅವರೇ, ನೀವು ಮತ್ತೆ ಹೊರಡುವುದಾದರೆ ನಾನು ಮಾಡಿದ ಪ್ರಕಾಶಕರ ಪಟ್ಟಿಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಅದರಲ್ಲಿ ಇನ್ನೂ ಇಪ್ಪತ್ತೆರಡು ಹೆಸರುಗಳಿಗೆ ನಾನು ಬರೆದಿಲ್ಲ.

ಮರುಪಯಣ

ಕಳುಹಿಸಿ. ಈ ಬಾರಿ ಒಪ್ಪಂದವನ್ನು ಷರಾ ಅವರಿಗೆ ಮೊದಲು ತೋರಿಸಿಯೇ ಸಹಿ ಹಾಕುತ್ತೇನೆ.